ಮುಗುಡಿನ ಮುಳ್ಳು

ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೆ ಬಂಟ್ವಾಳದ ಹೊಳೆಗೆ ಬಲೆ ಬೀಸಿ, ಬೆಳ್ತಂಗಡಿ ದಾರಿಯುದ್ದಕ್ಕೂ ಸೈಕಲ್ಲಿನಲ್ಲಿ ಮೀನು ಮಾರಿ ಮನೆ ಕಟ್ಟಿದವನು. ಐಸ್ ಹಾಕುತ್ತಿರಲಿಲ್ಲ. ಐಸ್ ಕಂಡರೆ ಜನ ಹಳೆಯ ಮೀನು ಅನ್ನುತ್ತಿದ್ದರು. ಒದ್ದೆ ಗೋಣಿ ಮುಚ್ಚಿ, ದಾರಿಯಲ್ಲಿ ಸಿಕ್ಕಿದ ತೋಡು, ಹಳ್ಳಗಳ ನೀರು ಚಿಮುಕಿಸುತ್ತಿದ್ದೆ. ಉಳಿದದ್ದು ನಮ್ಮ ಸಾರಿಗೆ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಹಾಗೆ ಉಳಿದದ್ದು ನಾಲ್ಕು ಮುಗುಡು, ಕಿವಿರಿನ ಹತ್ತಿರ ಮುಳ್ಳಿರುವ ಲೋಳೆ ಮೀನು. ಹೆಂಡತಿ ಬೂದಿ ಹಾಕಿ ತಿಕ್ಕುವಾಗ ಬಲಗೈಯ ತೋರುಬೆರಳಿಗೆ ಮುಳ್ಳು ಹೊಕ್ಕಿತು.

“ನಿಮ್ಮ ಮೀನಿಗೂ ನಿಮ್ಮ ಹಾಗೇ ಜೋರು ಉಂಟು. ಸತ್ತರೂ ಬಿಡುದಿಲ್ಲ,” ಎಂದು ನಕ್ಕಳು.

ಅವಳು ಬೀಡಿ ಕಟ್ಟುತ್ತಿದ್ದಳು. ಅವಳ ತಟ್ಟೆಯಿಂದ ಚಿಟಿಕೆ ಹೊಗೆಸೊಪ್ಪಿನ ಪುಡಿ ತೆಗೆದು ಗಾಯಕ್ಕೆ ಒತ್ತಿ, ಬಟ್ಟೆ ಸುತ್ತಿದೆ. ಬೀಡಿ ಕಟ್ಟುವ ಮನೆಗಳಲ್ಲಿ ರಕ್ತ ನಿಲ್ಲಿಸಲು ಅದೇ ಮದ್ದು.

ಮರುದಿನ ಬೆರಳು ಬಾತಿತ್ತು.

“ಬೀಡಿಯ ತುದಿ ಮಡಚಲಿಕ್ಕೆ ಆಗುದಿಲ್ಲ. ಡಾಕ್ಟ್ರ ಹತ್ರ ಹೋಗುವ.”

“ಮುಳ್ಳು ಚುಚ್ಚಿದ್ದಕ್ಕೆ ಡಾಕ್ಟ್ರಾ? ನನಗೆ ಎಷ್ಟು ಸಲ ಚುಚ್ಚಿಲ್ಲ ಮಾರಾಯ್ತಿ! ನನ್ನ ಮೀನಲ್ಲಿ ವಿಷ ಉಂಟಾ?”

ಹೊಸ ಪುಡಿ ಒತ್ತಿ ಕಟ್ಟಿ, ಸೈಕಲ್ ಹತ್ತಿದೆ.

ಮೂರನೆಯ ದಿನ ಜ್ವರ. ಬೆರಳು ಕಪ್ಪಾಗಿತ್ತು. ಅವಳ ಅಣ್ಣ ಮೂಡುಬಿದಿರೆಯಲ್ಲಿದ್ದ. ಅಲ್ಲಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಏನು ಚುಚ್ಚಿದ್ದೆಂದು ಕೇಳಿ, ಬೆರಳಿನ ಬಟ್ಟೆ ಬಿಚ್ಚಿ ಮೂಸಿ ನೋಡಿದರು.

“ಹೊಳೆ ಮೀನಿನ ಲೋಳೆಯಲ್ಲಿ ಬ್ಯಾಕ್ಟೀರಿಯಾ ಇರ್ತದೆ. ಐಸ್ ಇಲ್ಲದೆ ಬಿಸಿಲಲ್ಲಿ ಇಟ್ಟರೆ ಹೆಚ್ಚಾಗ್ತದೆ. ಬೇಯಿಸಿದರೆ ಸಾಯ್ತದೆ, ಗಾಯಕ್ಕೆ ಹೊಕ್ಕರೆ ಹೀಗೆ. ಆವತ್ತೇ ತೊಳೆದು ಬಂದಿದ್ದರೆ ಬೆರಳು ಉಳೀತಿತ್ತು. ಇದಕ್ಕೆ ಹೊಗೆಸೊಪ್ಪು ತುಂಬಿಸಿದ್ದು ಯಾರು?”

“ನಾನೇ,” ಎಂದಳು. ನನ್ನ ಕಡೆ ನೋಡಲಿಲ್ಲ.

ನಾನು ಗೋಡೆ ನೋಡುತ್ತಿದ್ದೆ. ನಾಚಿಕೆ ಎನ್ನುವ ಹಾಗೂ ಇಲ್ಲ, ಹೆದರಿಕೆ ಎನ್ನುವ ಹಾಗೂ ಇಲ್ಲ. ಆಗ ಏನೂ ಅನಿಸಲಿಲ್ಲ. ಒಪ್ಪಿಗೆಯ ಕಾಗದ ಕೊಟ್ಟರು, ಸಹಿ ಹಾಕಿದೆ. ಸಂಜೆಯೊಳಗೆ ಬೆರಳು ತೆಗೆದರು.

ಆಮೇಲೆ ಬೀಡಿ ಕಟ್ಟಲು ಅವಳಿಂದ ಆಗಲಿಲ್ಲ. ನೆರೆಮನೆಯವರಿಗೆ ಎಲೆ ಕತ್ತರಿಸಿ ಕೊಡುತ್ತಿದ್ದಳು, ಅದೂ ನಿಧಾನ. ಏನಾಯ್ತೆಂದು ಕೇಳಿದವರಿಗೆಲ್ಲ, “ನಂದೇ ತಪ್ಪು, ಹೊಗೆಸೊಪ್ಪು ಇಟ್ಟೆ,” ಎನ್ನುತ್ತಿದ್ದಳು. ನಾನು ಅಲ್ಲೇ ಕೂತಿರುತ್ತಿದ್ದೆ. ಒಮ್ಮೆಯೂ ಅಲ್ಲ ಎನ್ನಲಿಲ್ಲ.