ನಡುವೆ ನಿಂತ ಅಕ್ಕ

ಪರದೆ ಸರಿಯುವ ಮುನ್ನ ಅಕ್ಕನ ಕುತ್ತಿಗೆ ನೋಡಬೇಕಿತ್ತು. ಬಣ್ಣ ಹಚ್ಚಿದ ಗದ್ದದ ಕೆಳಗೆ ನರವೊಂದು ಪಟಪಟ ಹೊಡೆದುಕೊಳ್ಳುತ್ತಿತ್ತು. ಅಂಗೈ ಬೇಸಿಗೆಯಲ್ಲೂ ತಣ್ಣಗೆ. ನಮ್ಮ ನಾಟಕ ಕಂಪನಿಯ ನಾಯಕಿ ಅವರು. ಆಟದಲ್ಲಿ ನಾನು ಅವರ ತಂಗಿ; ಹೊರಗೂ ಅಕ್ಕ ಎಂದೇ ಕರೆಯುತ್ತಿದ್ದೆ. ಹೊಸಬಳಾದ ನನಗೆ ಅವರು ಹೇಳಿಕೊಟ್ಟದ್ದು ಇಷ್ಟೇ: "ಹೆದರಿಕಿ ಹೋಗ್ಲಿ ಅಂತ ಕಾಯಬ್ಯಾಡ ತಂಗಿ. ಅದನ್ನ ಸಂಗಾಟ ಕರಕೊಂಡ ಹೋಗು."

ಅವರಿಗೆ ಹೆದರಿಕೆ ಇದ್ದದ್ದು ಒಡಹುಟ್ಟಿದ ಅಣ್ಣನದು. ನಾಟಕಕ್ಕೆ ಸೇರಿ ಮನೆತನದ ಹೆಸರು ಕೆಡಿಸಿದಳೆಂದು, ಹಿಂದೆ ಗಜೇಂದ್ರಗಡದಲ್ಲಿ ಕಂಪನಿಯ ಕ್ಯಾಂಪ್ ಇದ್ದಾಗ ಬಂದು ಹೊಡೆದುಹೋಗಿದ್ದ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನರಗುಂದದ ಗುಡ್ಡದ ಕೆಳಗೆ ನಮ್ಮ ತಗಡಿನ ಥೇಟರು ನಿಂತಿದ್ದಾಗ ಅವನು ಹೇಳಿಕಳಿಸಿದ: ಇವತ್ತು ಬಣ್ಣ ಹಚ್ಚಿದರೆ ಆ ಮುಖವನ್ನೇ ಸುಟ್ಟುಬಿಡುತ್ತೇನೆ.

ಮಾಲೀಕರು ಬೆವರಿದರು. "ಇವತ್ತಿನ ಆಟ ಬಂದ್ ಮಾಡೂಣೇನವಾ?"

"ಇವತ್ತ ಬಂದ್ ಮಾಡಿದ್ರ ನಾಳಿಗೂ ಬಂದ್ ರಿ," ಎಂದರು ಅಕ್ಕ. ಬಣ್ಣದ ಡಬ್ಬಿ ಎಳೆದುಕೊಂಡರು.

ಸಂಜೆ ಆರೂಕಾಲರ ಆಟ. ಬಾಗಿಲಲ್ಲಿ ಇಬ್ಬರನ್ನು ಕಾವಲಿಗೆ ನಿಲ್ಲಿಸಿದ್ದರು. ಆದರೂ ಮೂರನೆಯ ದೃಶ್ಯದಲ್ಲಿ ಎರಡನೇ ಸಾಲಿನಲ್ಲಿ, ಗಜೇಂದ್ರಗಡದಲ್ಲಿ ನೋಡಿದ್ದ ಆ ಅಣ್ಣನನ್ನು ಕಂಡೆ. ತೊಡೆಯ ಮೇಲೆ ಟವೆಲ್ ಸುತ್ತಿದ ಬಾಟಲಿ. ನನ್ನ ಮಾತು ಮರೆತೇಹೋಯಿತು. ಅಕ್ಕ ನನ್ನ ಭುಜ ಹಿಡಿದು ಎಡಕ್ಕೆ ಸರಿಸಿ, ನನ್ನ ಮಾತನ್ನೂ ತಾವೇ ಆಡಿದರು. ಸ್ವಲ್ಪ ಹೊತ್ತಿಗೆ ಮತ್ತೆ ಸರಿಸಿದರು. ಗಾಬರಿಯಲ್ಲಿ ಜಾಗ ತಪ್ಪುತ್ತಿದ್ದಾರೆ ಅಂದುಕೊಂಡೆ. ಅವನು ಎದ್ದು ರಂಗದ ಅಂಚಿಗೆ ಬಂದ ಮೇಲೆಯೇ ತಿಳಿದದ್ದು: ಅಷ್ಟು ಹೊತ್ತೂ ಅವರು ಅವನಿಗೂ ನನಗೂ ನಡುವೆ ನಿಂತಿದ್ದರು.

"ಯಣ್ಣಾ, ಈಕಿ ಬ್ಯಾರೆಯವರ ಮಗಳು," ಎಂದರು ಅಕ್ಕ. "ಈಕಿ ಒಳಗ ಹೋಗ್ಲಿ. ನಾ ಇಲ್ಲೇ ನಿಂತಿರ್ತೀನಿ."

ಅದೂ ನಾಟಕವೆಂದು ಜನ ಚಪ್ಪಾಳೆ ತಟ್ಟಿದರು. ನಾನು ಅಕ್ಕನ ಸೆರಗು ಹಿಡಿದು ಅಲ್ಲೇ ನಿಂತೆ. ಅವನು ಅಕ್ಕನ ಮುಖ ನೋಡುತ್ತಲೇ ನಿಂತ. ಮುಂದಿನ ಸಾಲಿನ ಮುದುಕಿಯೊಬ್ಬಳು, "ಕುಂಡ್ರೋ ತಮ್ಮಾ, ಏನೂ ಕಾಣವಲ್ದು," ಎಂದು ಗದರಿದಳು. ಏನನ್ನಿಸಿತೋ, ಬಾಟಲಿಯನ್ನು ರಂಗದ ಹಲಗೆಯ ಮೇಲಿಟ್ಟು ತಲೆ ಬಗ್ಗಿಸಿ ಹೊರಟುಹೋದ.

ಆಟ ಮುಗಿದ ಮೇಲೆ ಮಾಲೀಕರು ಬಾಟಲಿಯಲ್ಲಿದ್ದ ಆ್ಯಸಿಡ್ಡನ್ನು ಥೇಟರಿನ ಹಿಂದೆ ಸುರಿದರು. ಮಣ್ಣು ಬುರುಬುರು ನೊರೆಗಟ್ಟಿತು. ಅಕ್ಕ ಅಲ್ಲೇ ಕುಸಿದು ವಾಂತಿ ಮಾಡಿಕೊಂಡರು. ಮರುದಿನ ಮತ್ತೆ ಬಣ್ಣ ಹಚ್ಚಿದರು.

ಎರಡು ವರ್ಷದಲ್ಲಿ ಅವರು ಸಿನಿಮಾಕ್ಕೆ ಹೋದರು, ದೊಡ್ಡ ಹೆಸರಾಯಿತು. ರೋಣದ ಟಾಕೀಸಿನಲ್ಲಿ ಅವರನ್ನು ಮೊದಲ ಸಲ ತೆರೆಯ ಮೇಲೆ ಕಂಡಾಗ ಜನ ಸಿಳ್ಳೆ ಹೊಡೆಯುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸು, "ಎಷ್ಟ ಚಂದ ಅದಾಳ ನೋಡ್ರಿ," ಎಂದಳು. ನಾನು ಸೆರಗಿನಿಂದ ನನ್ನ ಮುಖ ಒರೆಸಿಕೊಂಡೆ. ಅದು ಅವರು ಉಳಿಸಿಕೊಟ್ಟ ಮುಖ.