ಹಿಂದಕ್ಕೆ ನಡೆಯುತ್ತಿದ್ದ ಮೇಷ್ಟ್ರು

ನನಗಾಗ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ಮೇಷ್ಟ್ರ ಕಪ್ಪು ಪ್ಯಾಂಟಿನ ತುದಿ ಹರಿದು ಎಳೆ ಬಿಟ್ಟಿರುತ್ತಿತ್ತು. ಅವರದೇ ಒಂದು ಪುಟ್ಟ ಕಾರು ಮೊದಮೊದಲು ಬಂದು ಬಂದು ಗುದ್ದಿ ಹಾಗಾಗಿದ್ದು.

ಅವರು ಹಿಂದೂಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಹುಡುಗರ ಕ್ಲಬ್ಬು ಕಟ್ಟಿಕೊಂಡು ಆ ಕಾರು ಮಾಡಿಸುತ್ತಿದ್ದರು. ಕಾವಿಗೆ ಕೂತ ಕೋಳಿಯಷ್ಟು ಗಾತ್ರ, ರುಬ್ಬುಗುಂಡಿನ ಭಾರ. ಡ್ರೈವರ್ ಇಲ್ಲ, ರಿಮೋಟ್ ಇಲ್ಲ. ಮುಂದಿನ ಕ್ಯಾಮೆರಾದಲ್ಲಿ ಮನುಷ್ಯರನ್ನು ಕಂಡರೆ ತಾನೇ ನಿಲ್ಲಬೇಕು. ನಮ್ಮ ಮಗ್ಗದ ಬೀದಿ ನೆಟ್ಟಗಿದೆ ಅಂತ ಅಲ್ಲೇ ಓಡಿಸುತ್ತಿದ್ದರು. ಕಾರು ಮುಂದಕ್ಕೆ ಬರುತ್ತಿತ್ತು; ಮೇಷ್ಟ್ರು ಅದರೆದುರು ಬಗ್ಗಿ, ನಡಿಗೆ ಕಲಿಯೋ ಮಗುವಿಗೆ ಕೈ ಚಾಚಿದ ಹಾಗೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ನಾವು ಹೆಂಗಸರು ಅದು ಬಂತೆಂದರೆ ಜಗಲಿ ಹತ್ತುತ್ತಿದ್ದೆವು.

ಭಯದ ಮನುಷ್ಯ. ಬೀಗ ಹಾಕಿ ಬೀದಿ ತುದಿವರೆಗೆ ಹೋಗಿ, ಜಗ್ಗಿ ನೋಡಲು ವಾಪಸ್ ಬರುತ್ತಿದ್ದರು. ನನಗೆ ರೇಗುತ್ತಿತ್ತು.

ಕಲ್ಯಾಣದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಾರು ತೋರಿಸುವುದೆಂದು ಗೊತ್ತಾಯಿತು. ಪುಟ್ಟ ಮಕ್ಕಳನ್ನು ಅಡ್ಡ ನಿಲ್ಲಿಸಿ, ಕಾರು ನಿಲ್ಲುವುದನ್ನು ತೋರಿಸಬೇಕು. ಹಿಂದಿನ ದಿನ ನಮ್ಮ ಬೀದಿಯಲ್ಲಿ ಪ್ರತಿ ಸಲವೂ ನಿಂತಿತು. ಹುಡುಗರು ಕೇಕೆ ಹಾಕಿದರು. ಮೇಷ್ಟ್ರು ಬೆವರುತ್ತಿದ್ದರು.

"ಏಮೀ ಕಾದು ಸಾರ್, ಏನೂ ಆಗಲ್ಲ. ಸುಮ್ನೆ ಹೆದ್ರುಕೊಂತೀರ," ಅಂದಳು ಕ್ಲಬ್ಬಿನ ಲೀಡರ್ ಹುಡುಗಿ.

"ಇಷ್ಟು ದಿನ ಅಡ್ಡ ನಿಂತೋರೆಲ್ಲ ಪ್ಯಾಂಟಿನೋರೇ ಕಣಮ್ಮ. ನೀನೂ ಪ್ಯಾಂಟೇ. ನಾಳೆ ಆ ಮಕ್ಳು ಉದ್ದ ಲಂಗ ಹಾಕ್ಕೊಂಡು ಬತ್ತಾರೆ. ಲಂಗ ಕಂಡ್ರೆ ಮನುಷ್ಯರು ಅಂತ ಇದಕ್ಕೆ ಗೊತ್ತಾಯ್ತದೋ ಇಲ್ವೋ." ನನ್ನ ಕಡೆ ತಿರುಗಿದರು. "ಅವ್ವಾ, ಒಸಿ ಅಡ್ಡ ನಿಂತ್ಕೊಂತೀಯಾ?"

"ನನ್ನ ಕಂಡ್ರೆ ಬಸ್ಸೇ ನಿಲ್ಲಲ್ಲ, ಇದು ನಿಂತಾತೇನಪ್ಪ?" ಅಂದು ಬೀದಿಗಿಳಿದೆ.

ನಿಲ್ಲಲಿಲ್ಲ. ಸೀರೆಯ ನೆರಿಗೆಗೆ ನುಗ್ಗಿ ಕಣಕಾಲಿಗೆ ಬಡಿಯಿತು. ಅಲ್ಲೇ ಕುಸಿದೆ. ಮೇಷ್ಟ್ರು ಮಣ್ಣಿನಲ್ಲಿ ಕೂತು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. ಹಾಗೇ ಕೂತು ಕಲ್ಯಾಣದುರ್ಗಕ್ಕೆ ಫೋನ್ ಹಚ್ಚಿದರು.

"ನಮ್ ಕಾರು ಇನ್ನಾ ಕಲ್ತಿಲ್ಲ ಸಾರ್. ನಾಳೆ ಬರಲ್ಲ."

ಹುಡುಗಿ ಅತ್ತೇಬಿಟ್ಟಳು. "ಊರೆಲ್ಲ ಪೋಸ್ಟರ್ ಅಂಟಿಸ್ಬುಟ್ಟವ್ರೆ! ಮಾನ ಹೋಯ್ತದೆ ಸಾರ್!"

"ಹೋಗ್ಲಿ ಬಿಡಮ್ಮ. ಮಾನ ಆಮೇಲೆ ಬತ್ತದೆ. ಆ ಮಕ್ಳ ಕಾಲು ಮುರುದ್ರೆ?"

ಹುಡುಗರು ಕಾರು ಎತ್ತಿಕೊಂಡು ಹೋದರು. ಮೇಷ್ಟ್ರು ಆವತ್ತು ಉಣ್ಣಲಿಲ್ಲ.

ಹೋದ ವರ್ಷ ಎದೆನೋವು ಬಂದು ಹೋಗಿಬಿಟ್ಟರು. ಕಲ್ಯಾಣದುರ್ಗಕ್ಕೆ ಫೋನ್ ಹಚ್ಚಿದ ಆ ದಿನದಿಂದ ಅವರ ಹೆದರಿಕೆಗೆ ನಾನು ರೇಗಲಿಲ್ಲ, ಅಷ್ಟೇ ನನ್ನ ಸಮಾಧಾನ. ಆ ದಿನ ರಾತ್ರಿಗೆ ನನ್ನ ಕಾಲು ಗಡಿಗೆಯಂತೆ ಊದಿತ್ತು. ಮಾರನೆಯ ಬೆಳಗ್ಗೆ ಅರಿಶಿನ ಸುಣ್ಣ ಮೆತ್ತಿಕೊಂಡು, ಜಗಲಿ ಮೇಲಿದ್ದ ಹೆಂಗಸರನ್ನೆಲ್ಲ ಬೈದು ಕೆಳಗಿಳಿಸಿ, ನೆರಿಗೆಯನ್ನು ಇನ್ನಷ್ಟು ಇಳಿಬಿಟ್ಟು, ಸೀರೆಯನ್ನೂ ಕಲಿಯಲಿ ಅಂತ, ಹುಡುಗರು ಮತ್ತೆ ತಂದ ಕಾರಿನ ಮುಂದೆ ಮೊದಲು ನಾನೇ ನಿಂತೆ.