ಅತ್ತಿಗೆ ತಂದ ರಿಪೋರ್ಟು

ನಮ್ಮ ಕಡೆ ಪೇಟೆಗೆ ಹೊರಟವರನ್ನು ಸುಮ್ಮನೆ ಕಳಿಸುವ ಪದ್ಧತಿಯಿಲ್ಲ. ಕುಮಟೆಗೆ ಹೋಗ್ತೀರಾ, ಹಾಗಾದರೆ ಮಿಕ್ಸರ್ ಜಾರು ರಿಪೇರಿಗೆ ಕೊಡಿ, ಬರುವಾಗ ಅತ್ತೆಯ ಬಿಪಿ ಮಾತ್ರೆ ತನ್ನಿ. ಹೊಳನಗದ್ದೆಯ ನಮ್ಮ ಮನೆಗೆ ಹೆಬಳೆಯಿಂದ ಬಂದು ಉಳಿದಿದ್ದ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಸೀರೆ ತರಲು ಹೊರಟಾಗ ನನ್ನ ಗಂಡ ಮಾತ್ರೆಯ ಚೀಟಿಯ ಜೊತೆಗೆ ಲ್ಯಾಬಿನ ರಸೀದಿಯನ್ನೂ ಅವರ ಕೈಗಿಟ್ಟ. ಬಸುರಿ ಹೆಂಡತಿಯ ರಕ್ತದ ರಿಪೋರ್ಟೂ ಮಿಕ್ಸರ್ ಜಾರೂ ಅವನಿಗೆ ಒಂದೇ ಆಗಿತ್ತು.

ಲ್ಯಾಬಿನಲ್ಲಿ ಕೊಟ್ಟ ಲಕೋಟೆಯನ್ನು ಅತ್ತಿಗೆ ಅಲ್ಲೇ ಒಡೆದರು. ಒಳಗೆ ಕೆಂಪಕ್ಷರದಲ್ಲಿ 'ಹೈ ರಿಸ್ಕ್' ಎಂದಿತ್ತು. ಅದನ್ನು ಮೆಡಿಕಲ್ ಶಾಪಿನವನಿಗೆ ತೋರಿಸಿದರು, ಸೀರೆ ಅಂಗಡಿಯಲ್ಲಿ ಹೇಳಿಕೊಂಡು ನಿಟ್ಟುಸಿರುಬಿಟ್ಟರು, ವಾಪಸ್ ಬರುವ ಬಸ್ಸಿನಲ್ಲಿ ಪಕ್ಕ ಕೂತವಳಿಗೂ ಹೇಳಿದರು. ನಾನು ಶಾಲೆಯ ಕೆಲಸ ಮುಗಿಸಿ ಬಂದಾಗ ಜಗುಲಿಯಲ್ಲಿ ನೆರೆಮನೆಯ ಹೆಂಗಸರು ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದರು. ನನ್ನ ಹೊಟ್ಟೆಯ ಸುದ್ದಿ ನನಗೇ ಕೊನೆಗೆ ತಿಳಿಯಿತು.

"ಮಗು ಸರಿ ಇಲ್ವಂತೆ ಮಾರಾಯ್ತಿ," ಎಂದರು ಅತ್ತಿಗೆ. "ಇನ್ನೂ ಮೂರೇ ತಿಂಗಳು ಅಲ್ದಾ? ತೆಗೆಸಿಬಿಡು. ಇಂಥ ಬಸಿರಿಗೆ ಹೂ ಮುಡಿಸೂಕೆ ನಂಗಂತೂ ಕೈ ಬರೂದಿಲ್ಲ."

ನನ್ನ ಅಜ್ಜಿ ಮಾವಿನಕಾಯಿಯನ್ನು ಉಪ್ಪುನೀರಿಗೆ ಹಾಕಿ ಭರಣಿಯ ಬಾಯಿ ಕಟ್ಟಿಡುತ್ತಿದ್ದಳು. ಸಿಟ್ಟನ್ನೂ ಹಾಗೇ ಇಡುತ್ತಿದ್ದಳು. ನಾನು ಅಂದು ಚೀಲ ಎತ್ತಿಕೊಂಡು ಒಳಗೆ ಹೋದೆ. ನಾನೂ ಭರಣಿಯ ಬಾಯಿ ಕಟ್ಟಿದೆ.

ಮರುದಿನ ಹೊನ್ನಾವರದ ಡಾಕ್ಟರರ ಮುಂದೆ ಕೂತಾಗ ಅತ್ತೆಯೂ ಜೊತೆಗಿದ್ದರು. ಡಾಕ್ಟರ್ ವಯಸ್ಸಾದ ಹೆಂಗಸು. ರಿಪೋರ್ಟಿನಲ್ಲಿ ಎಪ್ಪತ್ತಕ್ಕೆ ಒಂದು ಎಂದು ಬರೆದಿದ್ದನ್ನು ಪೆನ್ನಿನಿಂದ ತೋರಿಸಿದರು.

"ಕುಮಟೆಯಿಂದ ಭಟ್ಕಳಕ್ಕೆ ಒಂದು ಬಸ್ಸು ಹೊರಟಿದೆ ಅಂದ್ಕೊ. ನಿಂತವರೂ ಸೇರಿ ಎಪ್ಪತ್ತು ಜನ, ಎಲ್ಲರೂ ನಿನ್ನ ಹಾಗೇ ಬಸುರಿಯರು, ಎಲ್ಲರ ಕೈಯಲ್ಲೂ ಇದೇ ರಿಪೋರ್ಟು. ಅವರಲ್ಲಿ ಒಬ್ಬಳ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು. ಉಳಿದವರು ಸುಮ್ಮನೆ ಹೆದರಿ ಕೂತಿದ್ದಾರೆ. ನೀನು ಯಾರು ಅಂತ ಈ ಕಾಗದಕ್ಕೆ ಗೊತ್ತಿಲ್ಲ. ಇದು ಜರಡಿ ಅಷ್ಟೆ, ತೀರ್ಪಲ್ಲ."

"ಹಂಗಾರೆ ಯಾರಿಗೆ ಗೊತ್ತು?" ಎಂದರು ಅತ್ತೆ.

ಗರ್ಭದ ನೀರು ತೆಗೆದು ನೋಡಿದರೆ ಗೊತ್ತಾಗುತ್ತದೆ, ಅದಕ್ಕೆ ಮಂಗಳೂರಿಗೆ ಹೋಗಬೇಕು, ಸೂಜಿ ಹಾಕುವುದರಿಂದ ಗರ್ಭ ಇಳಿಯುವ ಸಣ್ಣ ಭಯವೂ ಇದೆ, ಮಾಡಿಸಲೇಬೇಕು ಅಂತಿಲ್ಲ ಎಂದರು ಡಾಕ್ಟರ್. ನಾನು ಮಾಡಿಸಿದೆ. ಸೂಜಿಗಿಂತ ಹೆಚ್ಚು ಚುಚ್ಚಿದ್ದು ಆಮೇಲೆ ಕಾದ ದಿನಗಳು. ಆ ದಿನಗಳಲ್ಲಿ ಕಣ್ಣು ಮುಚ್ಚಿದರೆ ಅದೇ ಬಸ್ಸು, ಅದರಲ್ಲಿ ನಾನು ಆ ಒಬ್ಬಳ ಮುಖ ಹುಡುಕುತ್ತಿದ್ದೆ. ಕೆಲವೊಮ್ಮೆ ಅದು ನನ್ನದೇ ಆಗಿರುತ್ತಿತ್ತು. ಆಗಲೂ ಇಳಿಯುವ ಮನಸ್ಸಾಗುತ್ತಿರಲಿಲ್ಲ.

ಡಾಕ್ಟರೇ ಫೋನ್ ಮಾಡಿದರು. ಹುಡುಕಿದ ತೊಂದರೆ ಮಗುವಿಗಿಲ್ಲ.

ಗಂಡ ಕಣ್ಣೊರೆಸಿಕೊಂಡು ಕೂಡಲೇ ಅಕ್ಕನ ನಂಬರ್ ಒತ್ತಲು ಹೊರಟ. ನಾನು ಫೋನು ಕಿತ್ತುಕೊಂಡೆ. "ನಿಮ್ಮ ಅಕ್ಕನ ಕಿವಿಗೆ ಬಿದ್ದರೆ ನಾನು ತವರಿಗೆ ಹೋಗ್ತೆ. ಹೆತ್ತ ಮೇಲೂ ಬರೂದಿಲ್ಲ." ಅವನು ಹೆದರಿದ. ಅತ್ತೆ ಅಡಿಗೆಮನೆಯಿಂದಲೇ, "ಆತು, ನಾನೂ ಹೇಳೂದಿಲ್ಲ," ಎಂದರು. ಮಗಳ ಬಾಯಿ ಅವರಿಗೂ ಸಾಕಾಗಿತ್ತು.

ಹೆಬಳೆಗೆ ಮರಳಿದ್ದ ಅತ್ತಿಗೆಗೆ ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದ್ದಷ್ಟೇ ಗೊತ್ತಿತ್ತು; ಅವರ ಫೋನು ಶುರುವಾಯಿತು. ಮೊದಲು ಮಳೆ, ಆಮೇಲೆ ಮೀನಿನ ರೇಟು, ಕೊನೆಗೆ "ಅದೆಂತ ಆತು ನಿಂದು?" "ಯಾವುದು ಅತ್ತಿಗೆ?" ಎಂದು ನಾನು. ಅವರಿಗೆ ಬಾಯಿಬಿಟ್ಟು ಕೇಳಲಾಗುತ್ತಿರಲಿಲ್ಲ, ಬಿಡಲೂ ಆಗುತ್ತಿರಲಿಲ್ಲ. ಆ ಒದ್ದಾಟ ಕೇಳಿದ ದಿನ ನನಗೆ ಊಟ ರುಚಿಸುತ್ತಿತ್ತು.

ಏಳನೇ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರ. ಮೊದಲ ಹೂವು ಗಂಡನ ಅಕ್ಕನದು. ಆ ಹಕ್ಕನ್ನು ಬಿಟ್ಟುಕೊಟ್ಟರೆ ಊರೇ ಕೇಳುತ್ತದೆ, ಹಾಗಾಗಿ ಅತ್ತಿಗೆ ಬುಟ್ಟಿ ತುಂಬ ಭಟ್ಕಳ ಮಲ್ಲಿಗೆ ಹಿಡಿದು ಬಂದೇ ಬಂದರು. ರಿಪೋರ್ಟು ಬಂದ ದಿನ ಜಗುಲಿಯಲ್ಲಿ ಕೂತಿದ್ದ ಹೆಂಗಸರೆಲ್ಲ ಬಂದಿದ್ದರು. ಅತ್ತಿಗೆ ದಂಡೆ ಎತ್ತಿದಾಗ ನಾನು ತಲೆ ಹಿಂದಕ್ಕೆಳೆದೆ.

"ಅತ್ತಿಗೆ, ನನ್ನ ರಿಪೋರ್ಟು ಎಲ್ಲರಿಗೂ ಓದಿ ಹೇಳಿದವರು ನೀವು. ಹೈ ರಿಸ್ಕ್ ಅಂದ್ರೆ ಎಂತ, ಒಂಚೂರು ಬಿಡಿಸಿ ಹೇಳಿ."

ಅತ್ತಿಗೆ ದಂಡೆ ಇಳಿಸಿದರು. "ಅದು... ಮಗು ಸರಿ ಇಲ್ಲ ಅಂತ ಅಲ್ದನೇ?"

ನಾನು ಬಸ್ಸಿನ ಕತೆ ಹೇಳಿದೆ. ಎಲ್ಲ ಎಪ್ಪತ್ತು ಜನರನ್ನೂ ಹತ್ತಿಸಿದೆ. ಮೂಲೆಯಿಂದ ನೆರೆಮನೆಯ ಅಜ್ಜಿ ಅತ್ತಿಗೆಗೆ, "ಹೌದನೇ, ಬಸ್ಸು ಹೊರಡೂಕಿಂತ ಮುಂಚೆ ನೀನು ಎಲ್ಲರಿಗೂ ಟಿಕೆಟ್ ಹರಿದುಕೊಟ್ಟೆ," ಎಂದಳು. ನಗು ಎದ್ದಿತು. ಅತ್ತಿಗೆಯ ಮುಖ ಕುಂಕುಮಕ್ಕಿಂತ ಕೆಂಪಾಯಿತು.

"ನೀರು ತೆಗೆದು ನೋಡಿದ್ದರಲ್ಲಿ ಎಂತ ಬಂತು?" ಎಂದು ಮೆಲ್ಲಗೆ ಕೇಳಿದರು.

"ಅದು ನಿಮಗೆ ಹೇಳೂದಿಲ್ಲ. ಗೊತ್ತಿಲ್ಲದೇ ಮುಡಿಸಿ. ಆ ಒಬ್ಬಳು ನಾನೇ ಆಗಿದ್ದರೂ ಈ ಹೂವು ನನ್ನ ಮಗುವಿಗೆ ಸಲ್ಲಬೇಕು. ಕೈ ಬರದಿದ್ರೆ ಬುಟ್ಟಿ ಕೆಳಗಿಡಿ."

ಎಲ್ಲರೂ ಅವರ ಕೈಯನ್ನೇ ನೋಡುತ್ತಿದ್ದರು. ಮಲ್ಲಿಗೆ ಜಾರಿ ಎರಡು ಸಲ ನನ್ನ ಮಡಿಲಿಗೆ ಬಿತ್ತು. ಕೊನೆಗೂ ಮುಡಿಸಿದರು.

ಹೆರಿಗೆ ಹೊನ್ನಾವರದಲ್ಲಿ. ಮೊದಲ ಬಸ್ಸಿಗೇ ಬಂದ ಅತ್ತಿಗೆ ಬಟ್ಟೆ ಸರಿಸಿ ಮಗಳ ಕಣ್ಣು, ಅಂಗೈ ಎಲ್ಲ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕುಸಿದು ಕೂತು ಅತ್ತರು.

"ನಿಂಗೆ ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಪಾಪಿ, ಒಂದು ಮಾತು ಹೇಳೂಕೆ ಆಗ್ಲಿಲ್ವಾ? ಇಷ್ಟು ದಿನ ನಂಗೆ ನಿದ್ದೆ ಇಲ್ಲ."

"ನೀರಿನ ರಿಪೋರ್ಟು ಬರೂವರೆಗೆ ನಂಗೂ ಇರಲಿಲ್ಲ ಅತ್ತಿಗೆ," ಎಂದು ಮಗಳನ್ನು ಅವರ ಮಡಿಲಿಗೆ ಹಾಕಿದೆ. ಹಾಕಿದ್ದು ಪ್ರೀತಿಯಿಂದಲ್ಲ. ತೆಗೆಸಿಬಿಡು ಎಂದ ಮಗುವನ್ನೇ ಎತ್ತಿಕೊಂಡಾಗ ಅವರ ಮುಖ ಹೇಗಿರುತ್ತದೆಂದು ಹತ್ತಿರದಿಂದ ನೋಡಬೇಕಿತ್ತು.